ಕಣ್ಣಿನ ಪ್ರೆಶರ್‌ಗೆ ಹಾಕುವ ಹನಿ ತಪ್ಪದಂತೆ ಮೊಬೈಲ್ ಹೊಂದಿಸುವುದು ಹೇಗೆ?

ಅಪ್ಪ ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾರೆ. ಶಿಡ್ಲಘಟ್ಟದಿಂದ ಸ್ವಲ್ಪ ಒಳಗೆ ನಮ್ಮ ಹಳ್ಳಿ. ಮದುವೆಗೆ ಹೋಗಿದ್ದರೂ ಊಟ ಮುಗಿಯುವ ಮುಂಚೆಯೇ ಎದ್ದು, ‘ಹುಳುಗೆ ಸೊಪ್ಪು ಹಾಕೋ ಹೊತ್ತಾಯ್ತು’ ಅಂತ ಬಸ್ ಹತ್ತುವ ಮನುಷ್ಯ. ಅದೇ ಅಪ್ಪ ತಮ್ಮ ಕಣ್ಣಿಗೆ ಹಾಕುವ ಒಂದು ಹನಿ ಔಷಧಿಯನ್ನು ವಾರದಲ್ಲಿ ಮೂರು ನಾಲ್ಕು ದಿನ ಬಿಡುತ್ತಿದ್ದರು.

ಯೋಚಿಸಿದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಒಂದು ಹೊತ್ತು ಸೊಪ್ಪು ತಪ್ಪಿದರೆ ಹುಳು ತಲೆ ಎತ್ತಿ ಹುಡುಕುತ್ತದೆ, ಕಣ್ಣಿಗೆ ಕಾಣುತ್ತದೆ. ಒಂದು ಹೊತ್ತು ಹನಿ ತಪ್ಪಿದರೆ ಏನೂ ಆಗುವುದಿಲ್ಲ. ನೋವಿಲ್ಲ, ಉರಿಯಿಲ್ಲ, ಮಂಜಿಲ್ಲ. ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ ಅನ್ನಿಸುತ್ತದೆ. ನಮ್ಮ ಕಡೆ ‘ಕಣ್ಣಿಗೆ ಪ್ರೆಶರ್’ ಅನ್ನುವ ಗ್ಲಾಕೋಮಾ ಹೀಗೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಕಣ್ಣಿನ ಒಳಗಿನ ಒತ್ತಡ ಆ ಕಣ್ಣು ತಡೆಯುವುದಕ್ಕಿಂತ ಜಾಸ್ತಿಯಾಗಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ನಿಧಾನವಾಗಿ ಸಾಯುತ್ತದೆ. ಪಾದರಸದ ಮಿಲಿಮೀಟರ್ (mmHg) ಲೆಕ್ಕದಲ್ಲಿ ಸಾಮಾನ್ಯವಾಗಿ ಈ ಒತ್ತಡ 10ರಿಂದ 21ರ ಒಳಗಿರುತ್ತದೆ. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ನಡುವಿನದು ಕೊನೆವರೆಗೂ ಚೆನ್ನಾಗಿರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಹೋದ ನೋಟ ಮತ್ತೆ ಬರುವುದಿಲ್ಲ. ಪೊರೆ ಬಂದರೆ ಆಪರೇಷನ್ ಮಾಡಿಸಿದ ಮೇಲೆ ಕಾಣುತ್ತದೆ. ಇದು ಹಾಗಲ್ಲ. ಹನಿ ಹಾಕುವುದು ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ.

ನಮಗೆ ಬುದ್ಧಿ ಬಂದದ್ದು ಒಂದು ಚೆಕಪ್‌ನಲ್ಲಿ. ಆವತ್ತು ಒತ್ತಡ ಸರಿಯಾಗಿಯೇ ಇತ್ತು. ಆದರೆ ಚುಕ್ಕಿ ಬೆಳಕು ಕಂಡಾಗ ಬಟನ್ ಒತ್ತುವ ಆ ಫೀಲ್ಡ್ ಟೆಸ್ಟ್‌ನಲ್ಲಿ ಕಪ್ಪು ಜಾಗ ಹಿಂದಿನ ಸಲಕ್ಕಿಂತ ದೊಡ್ಡದಾಗಿತ್ತು. ಡಾಕ್ಟರ್ ಇನ್ನೊಂದು ಬಾಟಲಿ ಸೇರಿಸಲು ಹೊರಟರು. ಆಗ ಅಮ್ಮ ಬಾಯಿಬಿಟ್ಟರು: ‘ಇಲ್ಲಿಗೆ ಬರೋ ಮುಂಚೆ ಮೂರು ದಿನ ಮಾತ್ರ ಸರಿಯಾಗಿ ಹಾಕ್ಕೋತಾರೆ.’ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದ ಹಾಗೆ. ಡಾಕ್ಟರ್ ನಕ್ಕರು, ಇದು ಬಹಳ ಜನ ಮಾಡುವುದೇ ಅಂದರು. ಹೊಸ ಬಾಟಲಿ ಬರೆಯಲಿಲ್ಲ. ಇರುವುದನ್ನೇ ಎರಡು ತಿಂಗಳು ತಪ್ಪದೆ ಹಾಕಿಕೊಂಡು ಬನ್ನಿ ಅಂದರು.

ನಾನಿರುವುದು ಯಲಹಂಕದಲ್ಲಿ. ದಿನಾ ಹೋಗಿ ಹನಿ ಹಾಕಲು ಆಗುವುದಿಲ್ಲ. ಹಾಗಾಗಿ ಮೊಬೈಲ್ ಹಿಡಿದುಕೊಂಡೆ. ಎರಡು ತಿಂಗಳಲ್ಲಿ ಮಾಡಿದ ತಪ್ಪುಗಳೂ ಸೇರಿ, ಕಲಿತದ್ದು ಇಲ್ಲಿದೆ.

ಅಲಾರಂ ಇಡುವ ಮುಂಚೆ

ಮೊದಲು, ನಿಜವಾಗಿ ಮರೆಯುತ್ತಿದ್ದಾರಾ ಅಂತ ನೋಡಿ. ಕೆಲವರು ಮರೆಯುವುದಿಲ್ಲ, ಬಿಡುತ್ತಾರೆ. ಕೈ ನಡುಗುತ್ತದೆ, ಬಾಟಲಿ ಹಿಂಡಲು ಆಗುವುದಿಲ್ಲ. ಹಾಕಿದರೆ ಉರಿಯುತ್ತದೆ. ಬಾಟಲಿ ದುಬಾರಿ, ಅದಕ್ಕೆ ದಿನ ಬಿಟ್ಟು ದಿನ ಹಾಕಿ ‘ಉಳಿಸುತ್ತಾರೆ’. ಇವಕ್ಕೆಲ್ಲ ಅಲಾರಂ ಮದ್ದಲ್ಲ. ಉರಿಯನ್ನು ಡಾಕ್ಟರ್‌ಗೆ ಹೇಳಬೇಕು, ಔಷಧಿ ಬದಲಿಸಬಹುದು. ದುಡ್ಡಿನ ತೊಂದರೆಯನ್ನೂ ನಾಚಿಕೆ ಬಿಟ್ಟು ಹೇಳಬೇಕು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆಗೆ ಸಿಗುತ್ತದಾ ಅಂತ ಚೀಟಿ ತೋರಿಸಿ ಕೇಳಿ.

ನಿಜವಾಗಿಯೂ ಮರೆವೇ ಆಗಿದ್ದರೆ ಚೀಟಿಯನ್ನು ಎದುರಿಗಿಟ್ಟುಕೊಂಡು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಯಿರಿ: ಯಾವ ಔಷಧಿ, ಯಾವ ಕಣ್ಣು, ಎಷ್ಟು ಹೊತ್ತಿಗೆ. ಔಷಧಿಗೊಂದು ಲೆಕ್ಕ ಇರುತ್ತದೆ. ಲಟಾನೊಪ್ರೋಸ್ಟ್ ಜಾತಿಯವು ಸಾಮಾನ್ಯವಾಗಿ ದಿನಕ್ಕೊಂದೇ ಸಲ, ರಾತ್ರಿ ಹೊತ್ತು. ಇದನ್ನು ಎರಡು ಸಲ ಹಾಕಿದರೆ ಗುಣ ಜಾಸ್ತಿಯಾಗುವುದಿಲ್ಲ, ಕಡಿಮೆಯಾಗಬಹುದು. ಟಿಮೊಲಾಲ್ ಹನಿಯನ್ನು ಸಾಮಾನ್ಯವಾಗಿ ಬೆಳಿಗ್ಗೆ ಮತ್ತು ಸಂಜೆ, ಸುಮಾರು ಹನ್ನೆರಡು ಗಂಟೆ ಅಂತರದಲ್ಲಿ ಹಾಕುತ್ತಾರೆ. ಉಬ್ಬಸ ಇರುವವರು, ಹೃದಯದ ಬಡಿತ ನಿಧಾನ ಇರುವವರು ಟಿಮೊಲಾಲ್ ಶುರು ಮಾಡುವ ಮುಂಚೆಯೇ ಅದನ್ನು ಡಾಕ್ಟರ್‌ಗೆ ಹೇಳಲೇಬೇಕು. ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ಇರುವುದಿಲ್ಲ, ಮೂಗಿನ ದಾರಿಯಲ್ಲಿ ಇಳಿದು ರಕ್ತಕ್ಕೂ ಸೇರುತ್ತದೆ. ಮೂರು ನಾಲ್ಕು ಬಾಟಲಿ ಇದ್ದರೆ, ಎರಡು ಔಷಧಿ ಒಂದೇ ಬಾಟಲಿಯಲ್ಲಿ ಸಿಗುವಂಥದ್ದು ನಮಗೆ ಆಗುತ್ತದಾ ಅಂತಲೂ ಕೇಳಿ. ಬಾಟಲಿ ಕಡಿಮೆಯಾದಷ್ಟೂ ಅಲಾರಂ ಕಡಿಮೆ.

ಹೊತ್ತು ಗೊತ್ತು ಮಾಡುವುದು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಾನು ಎಡವಿದ್ದೂ ಇಲ್ಲೇ.

ಮೊದಲ ವಾರ ಬೆಳಿಗ್ಗೆ 6, ಸಂಜೆ 6, ರಾತ್ರಿ 9 ಅಂತ ಅಲಾರಂ ಇಟ್ಟು ಬಂದೆ. ಗಡಿಯಾರದ ಲೆಕ್ಕಕ್ಕೆ ಸೊಗಸಾಗಿತ್ತು. ಅಪ್ಪನ ಲೆಕ್ಕಕ್ಕೆ ಒಂದೂ ಸರಿಯಿರಲಿಲ್ಲ. ಬೆಳಿಗ್ಗೆ ಆರಕ್ಕೆ ಅವರು ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿರುತ್ತಾರೆ. ಬಿಸಿಲು ಏರಿದರೆ ಸೊಪ್ಪು ಬಾಡುತ್ತದೆ, ಕೈ ನಿಲ್ಲಿಸುವಂತಿಲ್ಲ. ಸಂಜೆ ಆರಕ್ಕೆ ಹಾಲಿನ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತಿರುತ್ತಾರೆ. ರಾತ್ರಿ ಒಂಬತ್ತಕ್ಕೆ ನಿದ್ದೆ. ಅಲಾರಂ ಹೊಡೆಯಿತು, ಜೇಬಿಗೆ ಕೈ ಹಾಕಿ ಆಫ್ ಮಾಡಿದರು, ‘ಮನೆಗೆ ಹೋಗಿ ಹಾಕ್ಕೊಂಡ್ರಾಯ್ತು’ ಅಂದರು, ಕಥೆ ಮುಗಿಯಿತು. ನನ್ನ ಲೆಕ್ಕದಲ್ಲಿ ಇಟ್ಟ ಅಲಾರಂ ಅವರ ದಿನದ ಒಳಗೆ ಹೊಕ್ಕಿರಲಿಲ್ಲ.

ಎರಡನೇ ವಾರ ಅಮ್ಮನ ಹತ್ತಿರ ಕೂತು ಅಪ್ಪನ ದಿನವನ್ನು ಕೇಳಿಕೊಂಡೆ. ಕೈ ತೊಳೆಯುವ ಹೊತ್ತು ಯಾವುದು? ಮನೆಯೊಳಗೆ ಕೂರುವ ಹೊತ್ತು ಯಾವುದು? ಉತ್ತರ ಸಿಕ್ಕಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಕೈಕಾಲು ತೊಳೆದು, ಕಾಫಿಗೆ ಕೂರುತ್ತಾರೆ. 7:15. ಸಂಜೆ ಡೈರಿಯಿಂದ ಬಂದು ಟಿವಿ ಮುಂದೆ ಕೂರುವುದೂ ಹೆಚ್ಚುಕಡಿಮೆ 7:15. ರಾತ್ರಿ ಊಟ ಮುಗಿದು ಎಲೆಯಡಿಕೆ ಹಾಕುವ ಮುಂಚೆ, 8:30. ಟಿಮೊಲಾಲ್‌ಗೆ ಬೇಕಾದ ಹನ್ನೆರಡು ಗಂಟೆ ಅಂತರ ತಾನಾಗಿಯೇ ಸಿಕ್ಕಿತು.

ನಿಮ್ಮ ಮನೆಯಲ್ಲಿ ಅದು ಪೂಜೆಯ ಹೊತ್ತಿರಬಹುದು, ಟೊಮೆಟೊ ಮಂಡಿಗೆ ಹೋಗಿ ಬಂದ ಮೇಲಿರಬಹುದು, ಧಾರಾವಾಹಿಯ ಹೊತ್ತಿರಬಹುದು. ಕೇಳಬೇಕಾದ್ದು ಮೂರೇ: ಆ ಹೊತ್ತಿಗೆ ಕೈ ಖಾಲಿ ಇರುತ್ತದಾ? ಕೈ ತೊಳೆದಿರುತ್ತದಾ? ಬಾಟಲಿ ಕೈಗೆಟುಕುವ ಜಾಗದಲ್ಲಿ ಇರುತ್ತದಾ? ಬಾಟಲಿ ಒಳಕೋಣೆಯ ಬೀರುವಿನಲ್ಲಿದ್ದು, ಅಲಾರಂ ಜಗಲಿಯಲ್ಲಿ ಹೊಡೆದರೆ ನಡುವಿನ ಆ ಹದಿನೈದು ಹೆಜ್ಜೆಯಲ್ಲೇ ಹನಿ ತಪ್ಪುತ್ತದೆ. ನಮ್ಮ ಮನೆಯಲ್ಲಿ ಈಗ ಫೋನ್ ಚಾರ್ಜರ್ ಪಕ್ಕದ ಗೂಡಿನಲ್ಲಿ ಬಾಟಲಿ ಇರುತ್ತದೆ. ಮನೆಗೆ ಬಂದ ಕೂಡಲೇ ಅಪ್ಪ ಫೋನ್ ಚಾರ್ಜಿಗೆ ಹಾಕುತ್ತಾರೆ. ಅಲಾರಂ ಹೊಡೆಯುವುದೂ ಅಲ್ಲೇ, ಬಾಟಲಿ ಇರುವುದೂ ಅಲ್ಲೇ.

ರಂಜಾನ್‌ನಲ್ಲಿ ರೋಜಾ (ಉಪವಾಸ) ಇರುವವರು ತಿಂಗಳು ಶುರುವಾಗುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ ಹೊತ್ತು ಬದಲಿಸಿಕೊಳ್ಳಬಹುದು. ದಿನಕ್ಕೆ ಎರಡು ಸಲದ ಹನಿ ಸಹರಿ ಮತ್ತು ಇಫ್ತಾರ್‌ಗೆ ಚೆನ್ನಾಗಿ ಹೊಂದುತ್ತದೆ.

ಕೀಪ್ಯಾಡ್ ಫೋನ್ ಸಾಕು

ಹನಿ ನೆನಪಿಸಲಿಕ್ಕೆ ಅಂತಲೇ ಹೊಸ ಸ್ಮಾರ್ಟ್‌ಫೋನ್ ಕೊಡಿಸಬೇಡಿ. ಹೊಸ ಫೋನಿನ ಗಾಬರಿಯೇ ಒಂದು ತಿಂಗಳು ತಿನ್ನುತ್ತದೆ. ಕೀಪ್ಯಾಡ್ ಫೋನಿನಲ್ಲಿ ಮೆನುಗೆ ಹೋಗಿ ಅಲಾರಂ ತೆಗೆಯಿರಿ. ಹೊತ್ತು ಹಾಕಿ, ‘ರಿಪೀಟ್’ ಅಥವಾ ‘ಡೈಲಿ’ ಆರಿಸಿ. ಇದನ್ನು ಮರೆತರೆ ಅಲಾರಂ ಒಂದೇ ದಿನ ಹೊಡೆದು ಸುಮ್ನಾಗುತ್ತದೆ. ಬಹಳ ಮಾಡೆಲ್‌ಗಳಲ್ಲಿ ಮೂರರಿಂದ ಐದು ಅಲಾರಂ ಇಡಬಹುದು, ಅಷ್ಟು ಸಾಕು. ಬ್ಯಾಟರಿ ತೆಗೆದು ಹಾಕಿದಾಗ ಕೆಲವು ಫೋನ್‌ಗಳಲ್ಲಿ ಗಡಿಯಾರವೇ ಹಿಂದೆ ಹೋಗುತ್ತದೆ. ಊರಿಗೆ ಹೋದಾಗಲೆಲ್ಲ ಸಮಯ ಸರಿಯಿದೆಯಾ ಅಂತ ಒಮ್ಮೆ ನೋಡಿ.

ಸ್ಮಾರ್ಟ್‌ಫೋನ್ ಇದ್ದರೆ

ಫೋನಿನ ಜೊತೆಗೇ ಬಂದಿರುವ ‘ಕ್ಲಾಕ್’ ತೆಗೆದು ಅಲಾರಂ ಇಡಿ, ಏಳೂ ದಿನ ಆರಿಸಿ. ‘ಲೇಬಲ್’ ಅಂತ ಇರುವ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ. ‘ಔಷಧಿ’ ಅಂತ ಬರೆದರೆ ಸಾಲದು. ‘ಒಂದು ರಬ್ಬರ್ ಬಾಟಲಿ, ಎರಡೂ ಕಣ್ಣು’ ಅಂತ ಬರೆಯಿರಿ.

ರಬ್ಬರ್ ಬಾಟಲಿ ಅಂದರೆ ಏನು ಅಂತ ಹೇಳುತ್ತೇನೆ. ನಾನು ಮೂರೂ ಅಲಾರಂಗೆ ಒಂದೇ ಟ್ಯೂನ್ ಇಟ್ಟಿದ್ದೆ. ಒಂದು ದಿನ ಅಪ್ಪ ರಾತ್ರಿಯ ಬಾಟಲಿಯನ್ನು ಬೆಳಿಗ್ಗೆಯೂ ಹಾಕಿಕೊಂಡರು. ಎರಡೂ ಬಿಳಿ ಬಾಟಲಿ, ಎರಡರ ಮೇಲೂ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಕಣ್ಣು ಮಂಜಾದವರಿಗೆ ಅದನ್ನು ಓದು ಅನ್ನುವುದೇ ತಪ್ಪು ಅಲ್ವಾ? ಈಗ ಬೆಳಿಗ್ಗೆ ಮತ್ತು ಸಂಜೆಯ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಮುಚ್ಚಳದ ಬಣ್ಣ ನಂಬಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು.

ಟ್ಯೂನ್ ಜಾಗದಲ್ಲಿ ಮನೆಯವರ ದನಿ ಹಾಕಿ. ರೆಕಾರ್ಡರ್‌ನಲ್ಲಿ ಮಾತಾಡಿ ಉಳಿಸಿ, ಅಲಾರಂ ಸೌಂಡ್‌ನಲ್ಲಿ ಅದನ್ನು ಆರಿಸಿದರೆ ಆಯಿತು. ಅಮ್ಮನ ಸ್ಮಾರ್ಟ್‌ಫೋನಿನಲ್ಲಿ ನನ್ನ ಮಗಳ ದನಿ ಇದೆ. ಮನೆಯಲ್ಲಿ ತೆಲುಗು ಮಾತಾಡುವವರು ತೆಲುಗಿನಲ್ಲೇ ರೆಕಾರ್ಡ್ ಮಾಡಿ, ನಮ್ಮ ಚಿಕ್ಕಬಳ್ಳಾಪುರದ ಕಡೆ ಅಂಥ ಮನೆಗಳು ಬೇಕಾದಷ್ಟಿವೆ. ಕಿವಿಗೆ ದಿನಾ ಬೀಳುವ ಭಾಷೆ ಬೇಗ ನಾಟುತ್ತದೆ. ಒಂದು ಸಲ ಅಮ್ಮ ಆ ಫೋನ್ ಹಿಡಿದು ಡೈರಿಗೆ ಹೋಗಿದ್ದಾಗ, ‘ತಾತಾ, ಕಣ್ಣಿಗೆ ಹನಿ ಹಾಕ್ಕೋ!’ ಅಂತ ಕಿರುಚಿ ಇಡೀ ಸಾಲೇ ತಿರುಗಿ ನೋಡಿತಂತೆ. ಅದರಿಂದ ಒಂದು ಒಳ್ಳೆಯದೂ ಆಯಿತು. ಸಾಲಿನಲ್ಲಿದ್ದ ಇನ್ನೊಬ್ಬರು ‘ನಂಗೂ ಅದೇ ಕಾಯಿಲೆ’ ಅಂದರಂತೆ.

ಕೆಲವು ಸೆಟ್ಟಿಂಗ್ ನೋಡಲೇಬೇಕು. ಅಲಾರಂ ದನಿ ಮತ್ತು ಕಾಲ್ ದನಿ ಬೇರೆ ಬೇರೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಅಲಾರಂ ಗೆರೆಯನ್ನು ಪೂರ್ತಿ ಏರಿಸಿ. ಸ್ನೂಜ್ ಐದು ನಿಮಿಷಕ್ಕೆ ಇಳಿಸಿ. ಫೋನ್ ಸ್ವಿಚ್ ಆಫ್ ಆಗಿದ್ದರೆ ಬಹಳಷ್ಟು ಸ್ಮಾರ್ಟ್‌ಫೋನ್‌ಗಳಲ್ಲಿ ಅಲಾರಂ ಹೊಡೆಯುವುದಿಲ್ಲ. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಅದಕ್ಕೆ ಮುಂಚೆಯೇ ಚಾರ್ಜ್ ಮಾಡುವ ಅಭ್ಯಾಸ ಮಾಡಿಸಿ.

ಔಷಧಿ ನೆನಪಿಸುವ ಆಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಬೇಕಾದಷ್ಟಿವೆ. ಹಾಕಿದ್ದು, ಬಿಟ್ಟಿದ್ದು ಎರಡನ್ನೂ ಲೆಕ್ಕ ಇಡುತ್ತವೆ, ಅದು ಒಳ್ಳೆಯದು. ಆದರೆ ಬಹಳಷ್ಟು ಇಂಗ್ಲಿಷ್‌ನಲ್ಲೇ ಮಾತಾಡುತ್ತವೆ. ಶವೊಮಿ, ವಿವೊ, ಒಪ್ಪೊ, ರಿಯಲ್‌ಮಿ ತರದ ಫೋನ್‌ಗಳು ಬ್ಯಾಟರಿ ಉಳಿಸಲು ಇಂಥ ಆಪ್‌ಗಳನ್ನು ಹಿಂದಿನಿಂದ ನಿಲ್ಲಿಸಿಬಿಡುತ್ತವೆ. ಆಪ್ ಹಾಕಿದರೆ ಅದರ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆದು, ‘ಆಟೋ ಸ್ಟಾರ್ಟ್’ ಆನ್ ಮಾಡಿ. ಕಾಂಟ್ಯಾಕ್ಟ್, ಫೋಟೋ ಎಲ್ಲ ಕೇಳುವ ಆಪ್ ಆದರೆ ಬೇಡ ಅನ್ನಿ. ಹನಿ ನೆನಪಿಸಲಿಕ್ಕೆ ಅವೆಲ್ಲ ಯಾಕೆ? ನನ್ನ ಕೇಳಿದರೆ ದಿನದ ಹನಿಗೆ ಸಾದಾ ಅಲಾರಂ ಸಾಕು. ವಾಟ್ಸಾಪ್ ಮೆಸೇಜ್ ಅಂತೂ ಪ್ರಯೋಜನವಿಲ್ಲ. ಗುಡ್ ಮಾರ್ನಿಂಗ್ ಹೂವುಗಳ ರಾಶಿಯಲ್ಲಿ ಅದೂ ಒಂದಾಗುತ್ತದೆ.

ಮಿಸ್ಡ್ ಕಾಲ್

ಅಲಾರಂ ಹೊಡೆಯಿತು ಅಂದರೆ ಹನಿ ಬಿತ್ತು ಅಂತಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹನಿ ಸರಿಯಾಗಿ ಹಾಕದ ಗ್ಲಾಕೋಮಾ ರೋಗಿಗಳಿಗೆ ತಾನಾಗಿಯೇ ಬರುವ ಫೋನ್ ಕರೆ, ಮೆಸೇಜ್‌ಗಳಿಂದ ನೆನಪಿಸಿದರು. ಅರ್ಧದಷ್ಟು ದಿನ ಹಾಕುತ್ತಿದ್ದವರು ಮೂರರಲ್ಲಿ ಎರಡು ಪಾಲಿನ ಹತ್ತಿರಕ್ಕೆ ಬಂದರು. ಸುಧಾರಣೆ ಹೌದು, ಆದರೆ ಆಮೇಲೂ ಮೂರರಲ್ಲೊಂದು ಹನಿ ತಪ್ಪುತ್ತಲೇ ಇತ್ತು. ಅಲಾರಂ ಹಿಂದೆ ಒಬ್ಬ ಮನುಷ್ಯ ಬೇಕು ಅನ್ನಿಸಿದ್ದು ಅದಕ್ಕೇ.

ನಾವು ಮಾಡಿದ್ದು ಇಷ್ಟೇ. ಅಪ್ಪನ ಕೀಪ್ಯಾಡ್ ಫೋನಿನಲ್ಲಿ 2 ಒತ್ತಿ ಹಿಡಿದರೆ ನನಗೆ ಕಾಲ್ ಹೋಗುವ ಹಾಗೆ ಸ್ಪೀಡ್ ಡಯಲ್ ಇಟ್ಟೆ. ರಾತ್ರಿ ಹನಿ ಹಾಕಿಕೊಂಡ ಮೇಲೆ ಒಂದು ಮಿಸ್ಡ್ ಕಾಲ್. ನಾನು ಎತ್ತುವುದಿಲ್ಲ. 8:45ರ ಒಳಗೆ ಬರದಿದ್ದರೆ ನಾನೇ ಮಾಡುತ್ತೇನೆ. ಅದಕ್ಕೆ ನನ್ನ ಫೋನಿನಲ್ಲೂ 8:45ಕ್ಕೆ ಅಲಾರಂ ಇದೆ. ಮಾಡಿದಾಗ ‘ಹಾಕಿದ್ರಾ?’ ಅಂತ ಕೇಳಬೇಡಿ. ‘ಹ್ಞೂಂ’ ಅನ್ನುತ್ತಾರೆ, ಅಷ್ಟೇ. ‘ಈಗ ಹಾಕ್ಕೊಳ್ಳಿ, ನಾನು ಲೈನಲ್ಲೇ ಇರ್ತೀನಿ’ ಅನ್ನಿ. ಮೊದಲ ತಿಂಗಳು ವಾರಕ್ಕೆ ಮೂರು ಸಲ ನಾನೇ ಮಾಡಬೇಕಾಗಿತ್ತು. ಈಗ ತಿಂಗಳಿಗೊಮ್ಮೆ. ಬೆಳಿಗ್ಗೆ ಮತ್ತು ಸಂಜೆಯದಕ್ಕೆ ಅಮ್ಮ ಗೋಡೆ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲೇ.

ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುವ ದಿನಗಳಲ್ಲಿ ಈ ವ್ಯವಸ್ಥೆಯೂ ಕೈಕೊಡುತ್ತದೆ. ಆವತ್ತು ಹಗಲು ರಾತ್ರಿ ಅನ್ನುವುದಿಲ್ಲ, ಮನೆಮಂದಿಯೆಲ್ಲ ಹುಳು ಮನೆಯಲ್ಲೇ. ಫೋನ್ ಎಲ್ಲೋ, ಅಪ್ಪ ಎಲ್ಲೋ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹೊತ್ತು) ಎದ್ದು ಸುಮಾರು ಒಂದು ವಾರಕ್ಕೆ ಆ ದಿನ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದಲ್ಲ, ಆ ಎರಡು ದಿನ ಪಕ್ಕದ ಮನೆಯ ನಮ್ಮ ಚಿಕ್ಕಪ್ಪನ ಮಗನಿಗೆ ಒಪ್ಪಿಸುತ್ತೇನೆ. ಅವನು ಬಾಟಲಿ ಹಿಡಿದು ಹೋಗಿ ತಾನೇ ಹಾಕಿ ಬರುತ್ತಾನೆ. ನಿಮ್ಮ ಮನೆಯ ‘ಹಣ್ಣು ಹುಳದ ದಿನ’ ಯಾವುದು ಅಂತ ನೋಡಿಕೊಳ್ಳಿ: ಜಾತ್ರೆ, ಕೊಯ್ಲು, ಮದುವೆ, ತಿಥಿ.

ಹನಿ ಹಾಕುವಾಗ

ಸೋಪಿನಲ್ಲಿ ಕೈ ತೊಳೆಯಬೇಕು. ಹುಳು ಸಾಕುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ, ಸುಣ್ಣ, ಬ್ಲೀಚಿಂಗ್ ಪೌಡರ್ ಮುಟ್ಟಿದ ಕೈ ಅದು. ಮಲಗಿ ಅಥವಾ ತಲೆ ಹಿಂದಕ್ಕೆ ಒರಗಿಸಿ. ಕೆಳರೆಪ್ಪೆ ಎಳೆದರೆ ಸಣ್ಣ ಜೇಬಿನ ತರ ಆಗುತ್ತದೆ, ಅದರೊಳಗೆ ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಔಷಧಿ ಮೂಗಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಕಣ್ಣು ಪಟಪಟ ಮಿಟುಕಿಸಬೇಡಿ. ಇನ್ನೊಂದು ಔಷಧಿ ಅದೇ ಹೊತ್ತಿಗೆ ಇದ್ದರೆ ಕನಿಷ್ಠ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಕಣ್ಣೊಳಗೆ ಬಿತ್ತೋ ಕೆನ್ನೆಗೆ ಬಿತ್ತೋ ಗೊತ್ತಾಗದಿದ್ದರೆ, ಫ್ರಿಜ್‌ನಲ್ಲಿ ಇಡಬಹುದಾದ ಔಷಧಿಯನ್ನು ಅಲ್ಲಿಟ್ಟು ಹಾಕಿ. ತಣ್ಣಗಿರುವುದರಿಂದ ಬಿದ್ದದ್ದು ತಿಳಿಯುತ್ತದೆ.

ಬಾಟಲಿ ಮುಗಿಯುವ ಮುಂಚೆ ಇನ್ನೊಂದು ರಿಮೈಂಡರ್

ಇದನ್ನು ಬಹಳ ಜನ ಇಡುವುದಿಲ್ಲ. ಬಾಟಲಿ ಖಾಲಿಯಾಯಿತು, ಊರಿನ ಮೆಡಿಕಲ್‌ನಲ್ಲಿ ಇಲ್ಲ, ಸೋಮವಾರ ಶಿಡ್ಲಘಟ್ಟಕ್ಕೆ ಹೋದಾಗ ತಂದರಾಯಿತು ಅಂತ ಐದು ದಿನ ಹೋಗುತ್ತದೆ. 2.5 ಮಿಲಿಲೀಟರ್ ಲಟಾನೊಪ್ರೋಸ್ಟ್ ಬಾಟಲಿಯಲ್ಲಿ ಸುಮಾರು 80 ಹನಿ ಇರುತ್ತದೆ. ಎರಡೂ ಕಣ್ಣಿಗೆ ದಿನಕ್ಕೊಂದರಂತೆ ತಿಂಗಳಿಗೆ 60 ಬೇಕು. ಕೆನ್ನೆಗೆ ಬಿದ್ದದ್ದೂ ಲೆಕ್ಕಕ್ಕೆ ಬಂದರೆ ತಿಂಗಳು ತುಂಬುವುದೇ ಕಷ್ಟ. ಬಾಟಲಿ ತೆರೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಫೋನಿನ ಕ್ಯಾಲೆಂಡರ್‌ನಲ್ಲಿ ಮೂರು ವಾರಕ್ಕೆ ‘ಹೊಸ ಬಾಟಲಿ ತರು’ ಅಂತ ಹಾಕಿ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರಕ್ಕೆ, ಕೆಲವನ್ನು ಆರು ವಾರಕ್ಕೆ ಬಿಸಾಡಬೇಕು, ಔಷಧಿ ಉಳಿದಿದ್ದರೂ. ಡಬ್ಬದ ಮೇಲೆ ಬರೆದಿರುತ್ತದೆ, ಓದಿಸಿ. ತೆರೆಯದ ಲಟಾನೊಪ್ರೋಸ್ಟ್ ಬಾಟಲಿ ಬಹಳಷ್ಟು ಫ್ರಿಜ್‌ನಲ್ಲೇ ಇರಬೇಕು. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತರಬೇಡಿ.

ಹನಿ ತಪ್ಪಿತು, ಈಗ?

ನೆನಪಾದ ಕೂಡಲೇ ಹಾಕಿ. ಮುಂದಿನ ಹನಿಯ ಹೊತ್ತೇ ಹತ್ತಿರ ಬಂದಿದ್ದರೆ ಬಿಟ್ಟು, ಅದನ್ನು ಹೊತ್ತಿಗೆ ಸರಿಯಾಗಿ ಹಾಕಿ. ಬಿಟ್ಟದ್ದಕ್ಕೆ ಸೇರಿಸಿ ಎರಡು ಹನಿ ಹಾಕುವುದು ಬೇಡ. ಬೈಯುವುದೂ ಬೇಡ. ಬೈದರೆ ಮುಂದಿನ ಸಲ ಸುಳ್ಳು ಮಿಸ್ಡ್ ಕಾಲ್ ಬರುತ್ತದೆ. ನಮ್ಮಲ್ಲಿ ಒಂದು ಸಲ ಬಂದಿತ್ತು.

ಇದ್ದಕ್ಕಿದ್ದ ಹಾಗೆ ಕಣ್ಣಲ್ಲಿ ವಿಪರೀತ ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ, ತಲೆನೋವು, ವಾಂತಿ ಬಂದರೆ ಅಲಾರಂ, ಹನಿ ಎಲ್ಲ ಬಿಟ್ಟು ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಹನಿ ಶುರುವಾದ ಮೇಲೆ ಉಸಿರು ಕಟ್ಟಿದ ಹಾಗಾದರೆ ಇನ್ನೊಂದು ಹನಿ ಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಿ. ತಲೆ ಸುತ್ತಿದರೆ ಡಾಕ್ಟರ್‌ಗೆ ಫೋನ್ ಮಾಡಿ, ಕೇಳದೆ ತಾವೇ ನಿಲ್ಲಿಸಬೇಡಿ. ಮೆಡಿಕಲ್‌ನಲ್ಲಿ ಕೆಂಪು ಕಣ್ಣಿಗೆ ಅಂತ ಕೊಡುವ ಯಾವುದೋ ಹನಿಯನ್ನೂ ಹಾಕಿಕೊಳ್ಳಬೇಡಿ, ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರುತ್ತದೆ.

ಚೆಕಪ್ ದಿನ

ಕ್ಯಾಲೆಂಡರ್ ಹಾಳೆಯನ್ನು ಹಾಗೇ ಕಿತ್ತು ತೆಗೆದುಕೊಂಡು ಹೋಗಿ. ಎಷ್ಟು ಗೆರೆ ಇದೆ, ಎಷ್ಟು ಖಾಲಿ ಇದೆ ಅಂತ ಡಾಕ್ಟರ್ ನೋಡಲಿ. ಅದರ ಮೇಲೆಯೇ ಅವರು ಔಷಧಿ ಸಾಲುತ್ತಿಲ್ಲವೋ, ಹಾಕುತ್ತಿಲ್ಲವೋ ಅಂತ ತೀರ್ಮಾನ ಮಾಡುವುದು. ಔಷಧಿ ಬದಲಾಯಿತಾ? ಆಸ್ಪತ್ರೆಯ ಬೆಂಚಿನಲ್ಲೇ ಕೂತು ಹಳೆ ಅಲಾರಂ ಅಳಿಸಿ, ಹೊಸದನ್ನು ಇಡಿ. ಮನೆಗೆ ಹೋಗಿ ಮಾಡೋಣ ಅಂದರೆ ನೀವೂ ಮರೆಯುತ್ತೀರಿ.

ಅವತ್ತು ಡಾಕ್ಟರ್ ನನ್ನ ಕಡೆ ತಿರುಗಿ ನಿಮ್ಮ ವಯಸ್ಸೆಷ್ಟು ಅಂತ ಕೇಳಿದರು. ನಲವತ್ತೊಂದು ಅಂದೆ. ಅಪ್ಪ, ಅಮ್ಮ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಮಗೂ ಬರುವ ಸಾಧ್ಯತೆ ಜಾಸ್ತಿಯಂತೆ. ಅದೇ ಬೆಂಚಿನಲ್ಲಿ ಕೂತು, ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಲು ನನ್ನ ಫೋನಿನಲ್ಲೂ ಒಂದು ರಿಮೈಂಡರ್ ಹಾಕಿಕೊಂಡೆ. ಅದರ ಲೇಬಲ್ ಅಪ್ಪನೇ ಹೇಳಿ ಬರೆಸಿದರು: ‘ನೀನೂ ತೋರಿಸ್ಕೋ.’